ಮುಂಬೈನಲ್ಲಿ ಎಲ್ಲಿ ಉಳಿಯೋದು? ಮೊದಲು ಲೈನ್ ನೋಡಿ, ಆಮೇಲೆ ಲಾಡ್ಜ್

ಹುಬ್ಬಳ್ಳಿಯ ಒಬ್ಬರಿಗೆ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ತಾರೀಖು ಸಿಕ್ಕಿದೆ. ಉಡುಪಿಯ ಹುಡುಗಿಗೆ ಬಿಕೆಸಿ ಅನ್ನುವ ಆಫೀಸು ಏರಿಯಾದಲ್ಲಿ ಇಂಟರ್‌ವ್ಯೂ ಇದೆ. ಕಲಬುರಗಿಯ ಒಂದು ಕುಟುಂಬ ಮಕ್ಕಳ ರಜೆಗೆ ಗೇಟ್‌ವೇ ಆಫ್ ಇಂಡಿಯಾ ನೋಡಲು ಹೊರಟಿದೆ. ಮೂವರೂ ಫೋನಿನಲ್ಲಿ ಮುಂಬೈ ಹೋಟೆಲ್ ಹುಡುಕುತ್ತಾರೆ. ಮೂವರಿಗೂ ಹೆಚ್ಚುಕಡಿಮೆ ಅದೇ ಪಟ್ಟಿ ಬರುತ್ತದೆ: ಅಂಧೇರಿ, ಸಾಕಿನಾಕಾ, ವಾಶಿ, ದಾದರ್, ಕೊಲಾಬಾ. ಹೆಸರುಗಳನ್ನು ಕೇಳಿ ಗೊತ್ತು. ಯಾವುದು ಎಲ್ಲಿದೆ, ಯಾವುದರಿಂದ ಯಾವುದಕ್ಕೆ ಎಷ್ಟು ಹೊತ್ತು ಅನ್ನೋದು ಗೊತ್ತಿಲ್ಲ. ಕೊನೆಗೆ ಕಡಿಮೆ ಬಾಡಿಗೆ, ಜಾಸ್ತಿ ಸ್ಟಾರ್ ಇರುವ ಕಡೆ ಬುಕ್ ಮಾಡುತ್ತಾರೆ.

ಮುಂಬೈ ಮಟ್ಟಿಗೆ ಇದು ಉಲ್ಟಾ ದಾರಿ. ಅದರಲ್ಲೂ ಈಗ ಊರಿನ ಲೆಕ್ಕವೇ ಸ್ವಲ್ಪ ಬದಲಾಗಿದೆ. 2025ರ ಅಕ್ಟೋಬರ್‌ನಲ್ಲಿ ನೆಲದಡಿಯ ಮೆಟ್ರೋ 3 ಪೂರ್ತಿ ಶುರುವಾಯಿತು. ಅದೇ ಡಿಸೆಂಬರ್‌ನಲ್ಲಿ ನವಿ ಮುಂಬೈನ ಹೊಸ ಏರ್‌ಪೋರ್ಟಿನಿಂದ ವಿಮಾನಗಳು ಹಾರತೊಡಗಿದವು. ಹಾಗಾಗಿ ಐದು ವರ್ಷದ ಹಿಂದೆ ಹೋಗಿ ಬಂದ ಚಿಕ್ಕಪ್ಪ ಹೇಳುವ ಸಲಹೆ ಕೂಡ ಪೂರ್ತಿ ಕೆಲಸಕ್ಕೆ ಬರಲಿಕ್ಕಿಲ್ಲ.

## ದೋಸೆ ಅಲ್ಲ, ಪಡವಲಕಾಯಿ

ಬೆಂಗಳೂರನ್ನು ಕಾವಲಿ ಮೇಲೆ ಹುಯ್ದ ದೋಸೆ ಅಂದುಕೊಳ್ಳಿ. ನಡುವೆ ಮೆಜೆಸ್ಟಿಕ್, ಅಲ್ಲಿಂದ ಸುತ್ತಲೂ ಹರಡಿದೆ. ಮುಂಬೈ ಹಾಗಲ್ಲ. ಅದು ಚಪ್ಪರದಿಂದ ಇಳಿಬಿದ್ದ ಪಡವಲಕಾಯಿ. ಉತ್ತರದಿಂದ ದಕ್ಷಿಣಕ್ಕೆ ಉದ್ದ, ಅಗಲ ಕಮ್ಮಿ, ಕೆಳತುದಿಯಲ್ಲಿ ಮೂರು ಕಡೆಯೂ ನೀರು. ಮೊದಲು ಅಲ್ಲಿದ್ದದ್ದು ಏಳು ದ್ವೀಪ. ನಡುವಿನ ನೀರಿಗೆ ಮಣ್ಣು ತುಂಬಿ ತುಂಬಿ ಒಂದೇ ನೆಲ ಮಾಡಿದರು.

ಕೋಟೆ, ಬಂದರು, ಹೈಕೋರ್ಟು, ದೊಡ್ಡ ಬ್ಯಾಂಕುಗಳು ಎಲ್ಲ ಕೆಳತುದಿಯಲ್ಲಿ ಹುಟ್ಟಿದವು. ಅಲ್ಲಿ ಜಾಗ ಸಾಲದಾದಾಗ ಊರಿಗೆ ಉಳಿದದ್ದು ಒಂದೇ ದಿಕ್ಕು, ಉತ್ತರ. ಅದು ಬೆಳೆದದ್ದೂ ರೈಲು ಹಳಿ ಹಿಡಿದುಕೊಂಡೇ. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಠಾಣೆಗೆ 34 ಕಿ.ಮೀ. ಓಡಿದ ರೈಲು ದೇಶದ ಮೊದಲ ಪ್ರಯಾಣಿಕರ ರೈಲು ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ದಾರಿಯಲ್ಲಿ ಇವತ್ತಿಗೂ ಲೋಕಲ್ ಓಡುತ್ತದೆ.

ಕೆಳಗಿನ ಭಾಗಕ್ಕೆ ಅಲ್ಲಿನವರು 'ಟೌನ್' ಅನ್ನುತ್ತಾರೆ. ಮೇಲಿನದು 'ಸಬರ್ಬ್'. ಎರಡರ ನಡುವಿನ ಗಡಿ ಬೋರ್ಡ್ ಹಾಕಿ ಬರೆದಿಲ್ಲ. ಆದರೆ ಆಟೋ ನೋಡಿದರೆ ಗೊತ್ತಾಗುತ್ತದೆ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯಾನ್ ದಾಟಿ ದಕ್ಷಿಣಕ್ಕೆ ಆಟೋ ಓಡುವಂತಿಲ್ಲ. ಆಚೆಗೆ ಕಪ್ಪು-ಹಳದಿ ಟ್ಯಾಕ್ಸಿ ಮತ್ತು ಬಸ್ಸು. "ಸ್ಟೇಷನ್‌ನಿಂದ ಒಂದು ಆಟೋ ಹಿಡಿದರಾಯ್ತು" ಅಂದುಕೊಂಡು ದಾದರ್‌ನಲ್ಲಿ ಇಳಿದು ಆಟೋ ಹುಡುಕುತ್ತಾ ನಿಂತವರು ಬಹಳ ಮಂದಿ.

## ಲೈನ್ ಅಂದರೆ ಏನು?

ಮುಂಬೈನವರನ್ನು ಮನೆ ಎಲ್ಲಿ ಅಂತ ಕೇಳಿ. ರಸ್ತೆ ಹೆಸರಿಗಿಂತ ಮೊದಲು ಸ್ಟೇಷನ್ ಹೆಸರು ಬರುತ್ತದೆ. ಅದರ ಹಿಂದೆಯೇ ಲೈನ್. ಮುಖ್ಯವಾದವು ಮೂರು.

ವೆಸ್ಟರ್ನ್ ಲೈನ್ ಚರ್ಚ್‌ಗೇಟ್‌ನಿಂದ ಹೊರಟು ಮುಂಬೈ ಸೆಂಟ್ರಲ್, ದಾದರ್, ಬಾಂದ್ರಾ, ಅಂಧೇರಿ, ಬೊರಿವಲಿ ಮೇಲೆ ವಿರಾರ್ ಕಡೆಗೆ ಹೋಗುತ್ತದೆ. ಸೆಂಟ್ರಲ್ ಲೈನ್ ಸಿಎಸ್‌ಎಂಟಿಯಿಂದ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಅನ್ನುವ ಹಳೆಯ ವಿಟಿಯಿಂದ, ದಾದರ್, ಕುರ್ಲಾ, ಘಾಟ್ಕೋಪರ್, ಠಾಣೆ, ಡೊಂಬಿವಲಿ ದಾಟಿ ಕಲ್ಯಾಣ್ ಕಡೆಗೆ. ಹಾರ್ಬರ್ ಲೈನ್ ಸಿಎಸ್‌ಎಂಟಿಯಿಂದಲೇ ಹೊರಟು ಕುರ್ಲಾ, ಚೆಂಬೂರ್ ಮೇಲೆ ಖಾಡಿ, ಅಂದರೆ ಒಳನುಗ್ಗಿದ ಸಮುದ್ರದ ನೀರು, ದಾಟಿ ವಾಶಿ, ಖಾರ್ಘರ್, ಪನ್ವೇಲ್ ಕಡೆಗೆ.

ಪಡವಲಕಾಯಿಯ ಒಳಗೆ ಮೂರು ನಾರು ಇದ್ದ ಹಾಗೆ. ನಾರಿನ ಉದ್ದಕ್ಕೂ ಮೇಲೆ ಕೆಳಗೆ ಓಡಾಡುವುದು ಸಲೀಸು. ಒಂದು ನಾರಿನಿಂದ ಇನ್ನೊಂದಕ್ಕೆ ಅಡ್ಡ ಹಾಯುವುದು ಕಷ್ಟ. ಬೊರಿವಲಿ ಮತ್ತು ಠಾಣೆ ನಕ್ಷೆಯಲ್ಲಿ ಅಕ್ಕಪಕ್ಕದ ಮನೆಗಳ ಥರ ಕಾಣುತ್ತವೆ. ಆದರೆ ನಡುವೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಅಂದರೆ ಚಿರತೆ ಇರುವ ನಿಜವಾದ ಕಾಡು, ಕೂತಿದೆ. ರೈಲಿನಲ್ಲಿ ಹೋಗಬೇಕಾದರೆ ಕೆಳಗೆ ದಾದರ್ ತನಕ ಬಂದು, ಲೈನ್ ಬದಲಿಸಿ, ಮತ್ತೆ ಮೇಲೆ ಹತ್ತಬೇಕು.

ಹೀಗಾಗಿ ಇಲ್ಲಿ ಕಿಲೋಮೀಟರ್ ನಂಬಿದರೆ ಕೆಟ್ಟೆವು. ಅದೇ ಲೈನ್‌ನಲ್ಲಿ 20 ಕಿ.ಮೀ. ದೂರದ ಜಾಗ, ಬೇರೆ ಲೈನ್‌ನಲ್ಲಿರುವ 8 ಕಿ.ಮೀ. ದೂರದ ಜಾಗಕ್ಕಿಂತ ಹತ್ತಿರ ಆಗಬಹುದು. ನಿಮ್ಮ ಕೆಲಸ ಯಾವ ಲೈನ್‌ನಲ್ಲಿದೆಯೋ ಅದೇ ಲೈನ್‌ನಲ್ಲಿ ಕೋಣೆ ಹಿಡಿಯುವುದು ಮೊದಲ ಲೆಕ್ಕ. ಅದಾಗದಿದ್ದರೆ ದಾದರ್ ಅಥವಾ ಕುರ್ಲಾದಂಥ ಲೈನ್‌ಗಳು ಕೂಡುವ ಕಡೆ.

ಇನ್ನೊಂದು ಮಾತು, ಫಾಸ್ಟ್ ಮತ್ತು ಸ್ಲೋ. ಸ್ಲೋ ಲೋಕಲ್ ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲುತ್ತದೆ. ಫಾಸ್ಟ್ ದೊಡ್ಡ ಸ್ಟೇಷನ್‌ಗಳಲ್ಲಿ ಮಾತ್ರ: ದಾದರ್, ಬಾಂದ್ರಾ, ಅಂಧೇರಿ, ಬೊರಿವಲಿ, ಕುರ್ಲಾ, ಘಾಟ್ಕೋಪರ್, ಠಾಣೆ ಹೀಗೆ. ನಮ್ಮ ಕಡೆಯ ತಡೆರಹಿತ ಬಸ್ಸು ಮತ್ತು ಶಟಲ್ ಬಸ್ಸಿನ ವ್ಯತ್ಯಾಸವೇ. ದಾದರ್‌ನಿಂದ ಚರ್ಚ್‌ಗೇಟ್‌ಗೆ ಫಾಸ್ಟ್‌ನಲ್ಲಿ 20 ನಿಮಿಷದ ಆಸುಪಾಸು. ಫಾಸ್ಟ್ ನಿಲ್ಲುವ ಸ್ಟೇಷನ್ ಹತ್ತಿರ ಕೋಣೆ ಸಿಕ್ಕರೆ ದಿನಕ್ಕೆ ಅರ್ಧ ಗಂಟೆಯಾದರೂ ಉಳಿಯುತ್ತದೆ.

## ಈಸ್ಟಾ, ವೆಸ್ಟಾ?

ಅಂಧೇರಿ ಈಸ್ಟ್, ಅಂಧೇರಿ ವೆಸ್ಟ್. ದಾದರ್ ಈಸ್ಟ್, ದಾದರ್ ವೆಸ್ಟ್. ಹೊಸಬರು ಈ ಬಾಲವನ್ನು ಗಮನಿಸುವುದೇ ಇಲ್ಲ. ನಾನೂ ಗಮನಿಸಿರಲಿಲ್ಲ. ಮದುವೆ ಇದ್ದದ್ದು ಅಂಧೇರಿ ಈಸ್ಟ್‌ನಲ್ಲಿ, ನಾನು ಕೋಣೆ ಹಿಡಿದದ್ದು ವೆಸ್ಟ್‌ನಲ್ಲಿ. ನಕ್ಷೆಯಲ್ಲಿ ಮೂರು ಕಿಲೋಮೀಟರ್ ತೋರಿಸುತ್ತಿತ್ತು. ರೇಷ್ಮೆ ಸೀರೆ ಉಟ್ಟ ಅಕ್ಕನ ಜೊತೆ ಸಂಜೆ ಆರೂವರೆಗೆ ಟ್ಯಾಕ್ಸಿ ಹತ್ತಿದೆ. ತಲುಪುವಷ್ಟರಲ್ಲಿ ರಿಸೆಪ್ಷನ್‌ನ ಕ್ಯೂ ಊಟದ ಕ್ಯೂ ಆಗಿತ್ತು.

ಕಾರಣ ಸರಳ. ರೈಲು ಹಳಿ ಊರನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ಊರ ನಡುವೆ ಹೊಳೆ ಹರಿದು, ಸೇತುವೆ ಮಾತ್ರ ಒಂದೆರಡು ಇದ್ದರೆ ಹೇಗಿರುತ್ತದೆ? ಹಾಗೆ. ವಾಹನಗಳು ಹಳಿ ದಾಟಲು ಕೆಲವೇ ಮೇಲ್ಸೇತುವೆ, ಕೆಲವೇ ಸಬ್‌ವೇ ಇವೆ. ಎಲ್ಲರೂ ಅಲ್ಲೇ ಬಂದು ಸೇರುತ್ತಾರೆ. ನಡೆದು ಹೋಗುವವರಿಗೆ ಸ್ಟೇಷನ್‌ನ ಮೇಲುಸೇತುವೆ ಇದೆ, ಐದಾರು ನಿಮಿಷದ ಕೆಲಸ. ಸೂಟ್‌ಕೇಸ್, ವಯಸ್ಸಾದವರು, ಮಗು ಇದ್ದರೆ ಮಾತ್ರ ಆ ಮೆಟ್ಟಿಲುಗಳು ಬೇಡವೇ ಬೇಡ ಅನಿಸುತ್ತವೆ.

## ಜನ ಹರಿಯುವ ದಿಕ್ಕು

ಲೋಕಲ್‌ನ ನೂಕುನುಗ್ಗಲಿನ ಕಥೆ ಕೇಳಿ ಹೆದರಿದವರಿಗೆ ಇದು ಮುಖ್ಯ. ನುಗ್ಗಲು ಎಲ್ಲಾ ಹೊತ್ತಲ್ಲೂ ಎಲ್ಲಾ ಕಡೆಗೂ ಒಂದೇ ಥರ ಇರುವುದಿಲ್ಲ.

ದೀಪಾವಳಿ ಹಿಂದಿನ ರಾತ್ರಿ ನೆನಪಿಸಿಕೊಳ್ಳಿ. ಬೆಂಗಳೂರಿನಿಂದ ಶಿವಮೊಗ್ಗ, ಮಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅದೇ ರಾತ್ರಿ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ಕಾಲು ಚಾಚಿ ಮಲಗಬಹುದು. ಮುಂಬೈನಲ್ಲಿ ಇದು ದಿನಾ ನಡೆಯುತ್ತದೆ. ಜಾಸ್ತಿ ಜನ ಉತ್ತರದಲ್ಲಿ ಮನೆ ಮಾಡಿಕೊಂಡು ದಕ್ಷಿಣಕ್ಕೆ ಕೆಲಸಕ್ಕೆ ಬರುತ್ತಾರೆ. ಹಾಗಾಗಿ ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ದಕ್ಷಿಣಕ್ಕೆ ಬರುವ ಗಾಡಿ ತುಂಬಿ ತುಳುಕುತ್ತದೆ. ಸಂಜೆ ಐದೂವರೆಯಿಂದ ಒಂಬತ್ತರ ತನಕ ಉತ್ತರಕ್ಕೆ ಹೋಗುವುದು.

ಅಂದರೆ ಟೌನ್‌ನಲ್ಲಿ ಉಳಿದು ಬೆಳಿಗ್ಗೆ ಅಂಧೇರಿಗೆ ಕೆಲಸಕ್ಕೆ ಹೋಗುವವರು ಜನರ ಎದುರು ದಿಕ್ಕಿನಲ್ಲಿರುತ್ತಾರೆ. ಅಂಧೇರಿಯಲ್ಲಿ ಉಳಿದು ಬೆಳಿಗ್ಗೆ ಟೌನ್‌ನ ಫೋರ್ಟ್ ಏರಿಯಾಕ್ಕೆ ಹೋಗುವವರು ಜನರ ಜೊತೆಯಲ್ಲೇ ಸಿಕ್ಕಿಬೀಳುತ್ತಾರೆ. ದೂರ ಒಂದೇ, ದಾರಿ ಒಂದೇ, ಅನುಭವ ಮಾತ್ರ ಬೇರೆ. ಈಗ ಅಂಧೇರಿ, ಬಿಕೆಸಿ ಕಡೆಯೂ ಆಫೀಸುಗಳು ಎದ್ದಿರುವುದರಿಂದ ಎದುರು ದಿಕ್ಕಿನಲ್ಲೂ ಪೂರ್ತಿ ಖಾಲಿ ಇರುತ್ತದೆ ಅಂದುಕೊಳ್ಳಬೇಡಿ. ಆದರೂ ಉಸಿರಾಡಬಹುದು.

## ಹೊಸ ಮೆಟ್ರೋ, ಹೊಸ ಏರ್‌ಪೋರ್ಟ್

ಮೆಟ್ರೋ 3 ದಕ್ಷಿಣದ ಕಫ್ ಪರೇಡ್‌ನಿಂದ ಉತ್ತರದ ಆರೆ ತನಕ, ಸುಮಾರು 33 ಕಿ.ಮೀ., 27 ಸ್ಟೇಷನ್. ಚರ್ಚ್‌ಗೇಟ್, ಸಿಎಸ್‌ಎಂಟಿ, ಮುಂಬೈ ಸೆಂಟ್ರಲ್, ವರ್ಲಿ, ಸಿದ್ಧಿವಿನಾಯಕ, ದಾದರ್, ಬಿಕೆಸಿ, ಆಮೇಲೆ ಹಳೆಯ ಏರ್‌ಪೋರ್ಟಿನ ಎರಡೂ ಟರ್ಮಿನಲ್‌ಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಶುರುವಾದಾಗ ಟಿಕೆಟ್ 10ರಿಂದ 70 ರೂಪಾಯಿ. ಎಸಿ ಇದೆ, ಸೂಟ್‌ಕೇಸ್ ಎಳೆದುಕೊಂಡು ಹೋಗಬಹುದು.

ಇದರಿಂದ ಆದ ಬದಲಾವಣೆ ಏನು? ಮೊದಲು "ವಿಮಾನದಲ್ಲಿ ಬರ್ತೀರಾ? ಅಂಧೇರಿ ಈಸ್ಟ್‌ನಲ್ಲೇ ಉಳಿದುಬಿಡಿ" ಅನ್ನುವುದು ರೂಢಿ. ಟ್ಯಾಕ್ಸಿಯಲ್ಲಿ ಟೌನ್ ತಲುಪುವುದು ಅಷ್ಟು ತ್ರಾಸು. ಈಗ ವಿಮಾನ ಇಳಿದು ನೇರ ಫೋರ್ಟ್‌ಗೋ ದಾದರ್‌ಗೋ ಹೋಗಿ ಉಳಿಯಬಹುದು. ಏರ್‌ಪೋರ್ಟ್ ಸುತ್ತ ಕೋಣೆ ಹಿಡಿಯಲು ಉಳಿದಿರುವ ಕಾರಣ, ನಡುರಾತ್ರಿಯ ಅಥವಾ ನಸುಕಿನ ವಿಮಾನ ಮಾತ್ರ. ಆ ಹೊತ್ತಿಗೆ ಮೆಟ್ರೋ ಇರುವುದಿಲ್ಲ.

ಮರೋಳ್ ನಾಕಾದಲ್ಲಿ ಇದು ಮೆಟ್ರೋ 1ಕ್ಕೆ ಸಿಗುತ್ತದೆ. 2014ರಿಂದ ವರ್ಸೋವಾ, ಅಂಧೇರಿ, ಘಾಟ್ಕೋಪರ್ ನಡುವೆ ಓಡುತ್ತಿರುವ ಆ ಮೆಟ್ರೋ ವೆಸ್ಟರ್ನ್ ಮತ್ತು ಸೆಂಟ್ರಲ್ ಲೈನ್‌ಗಳ ನಡುವೆ ಹಾಕಿದ ಅಡ್ಡಹಲಗೆ. ಆಗ ಹೇಳಿದ ನಾರಿನ ತೊಂದರೆಗೆ ಇದೊಂದು ಪರಿಹಾರ.

ಏರ್‌ಪೋರ್ಟ್ ವಿಷಯದಲ್ಲಿ ಒಂದೇ ಎಚ್ಚರ. ಟಿಕೆಟ್ ಮೇಲೆ ಬಿಒಎಂ ಅಂತಿದ್ದರೆ ಹಳೆಯದು, ಎನ್‌ಎಂಐ ಅಂತಿದ್ದರೆ ಪನ್ವೇಲ್ ಹತ್ತಿರದ ಹೊಸದು. ಹೊಸದು ಖಾಡಿಯ ಆಚೆ ಇದೆ. ಅಲ್ಲಿ ಇಳಿದು ಅಂಧೇರಿಯಲ್ಲಿ ಕೋಣೆ ಹಿಡಿದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ.

## ಆಸ್ಪತ್ರೆಗೆ ಬರುವವರು

ಕರ್ನಾಟಕದಿಂದ, ಅದರಲ್ಲೂ ಉತ್ತರ ಕರ್ನಾಟಕದಿಂದ, ಮುಂಬೈಗೆ ಹೋಗುವವರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಹೋಗುವವರು ಬಹಳ. ಅವರಿಗೆ ಏರಿಯಾ ತಪ್ಪಾದರೆ ಆಗುವ ತೊಂದರೆ ಪ್ರವಾಸಿಗಳಿಗೆ ಆಗುವುದಕ್ಕಿಂತ ಎಷ್ಟೋ ದೊಡ್ಡದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಕಾಗದ ತೆಗೆದು ನೋಡಿ, ತಾರೀಖು ಕೊಟ್ಟಿರುವುದು ಯಾವ ಜಾಗಕ್ಕೆ? ಹಳೆಯ ಮುಖ್ಯ ಆಸ್ಪತ್ರೆ ಪರೇಲ್‌ನಲ್ಲಿದೆ. ಅದೇ ಸಂಸ್ಥೆಯ ಇನ್ನೊಂದು ಕೇಂದ್ರ, ಆ್ಯಕ್‌ಟ್ರೆಕ್ ಅನ್ನುವುದು, ನವಿ ಮುಂಬೈನ ಖಾರ್ಘರ್‌ನಲ್ಲಿದೆ. ಎರಡನ್ನೂ ಜನ ಟಾಟಾ ಅಂತಲೇ ಕರೆಯುತ್ತಾರೆ. ಖಾರ್ಘರ್‌ಗೆ ಬರಬೇಕಾದವರು ದಾದರ್‌ನಲ್ಲಿ ಕೋಣೆ ಹಿಡಿದರೆ ದಿನಾ ಹಾರ್ಬರ್ ಲೈನ್‌ನಲ್ಲಿ ಉದ್ದದ ಪ್ರಯಾಣ. ಅವರು ಖಾರ್ಘರ್, ಬೇಲಾಪುರ, ವಾಶಿ ಕಡೆ ನೋಡಬೇಕು.

ಪರೇಲ್‌ಗಾದರೆ ಪರೇಲ್, ದಾದರ್ ಈಸ್ಟ್, ಹಿಂದೂ ಕಾಲೋನಿ, ಮಾಟುಂಗ ಒಳ್ಳೆಯದು. ಕಿಮೋ ಆದ ಮೇಲೆ ರೋಗಿಯನ್ನು ಲೋಕಲ್ ಹತ್ತಿಸಲು ಆಗುವುದಿಲ್ಲ. ಹತ್ತು ನಿಮಿಷದ ಟ್ಯಾಕ್ಸಿ ದೂರ ಅನ್ನುವುದನ್ನೇ ಅಳತೆ ಮಾಡಿಕೊಳ್ಳಿ, ಸ್ವಲ್ಪ ಬಾಡಿಗೆ ಜಾಸ್ತಿಯಾದರೂ. ತಿಂಗಳುಗಟ್ಟಲೆ ಉಳಿಯಬೇಕಾದವರು ಹೋಟೆಲ್ ಲೆಕ್ಕ ಹಾಕುವ ಮೊದಲು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಕೇಳಬೇಕು. ರೋಗಿಗಳಿಗಾಗಿಯೇ ಇರುವ ಧರ್ಮಶಾಲೆಗಳ ಮಾಹಿತಿ ಅಲ್ಲಿ ಸಿಗುತ್ತದೆ. ದಾದರ್‌ನ ಸಂತ ಗಾಡ್ಗೆ ಮಹಾರಾಜ್ ಧರ್ಮಶಾಲೆ ಅಂಥದ್ದರಲ್ಲಿ ಹೆಸರಾದದ್ದು. ಜಾಗ ಬೇಗ ತುಂಬುತ್ತದೆ, ಆದ್ದರಿಂದ ಮೊದಲ ಕೆಲವು ದಿನಕ್ಕೆ ಲಾಡ್ಜ್ ಇಟ್ಟುಕೊಂಡೇ ಹೋಗಿ.

## ನೋಡಲು ಬರುವವರು, ಕೆಲಸಕ್ಕೆ ಬರುವವರು

ಗೇಟ್‌ವೇ, ಮ್ಯೂಸಿಯಂ, ಮರೀನ್ ಡ್ರೈವ್, ಹೈಕೋರ್ಟು, ಸಿಎಸ್‌ಎಂಟಿ ಕಟ್ಟಡ ಎಲ್ಲ ಟೌನ್‌ನಲ್ಲೇ ಇವೆ. ಎರಡೇ ದಿನ ಇದ್ದರೆ ಕೊಲಾಬಾ ಅಥವಾ ಫೋರ್ಟ್‌ನಲ್ಲಿ ಉಳಿಯಿರಿ. ಕೋಣೆ ಚಿಕ್ಕದು, ಬಾಡಿಗೆ ದೊಡ್ಡದು, ಅದು ನಿಜ. ಆದರೆ ಬೆಳಿಗ್ಗೆ ಆರಕ್ಕೆ ನಡೆದು ಗೇಟ್‌ವೇಗೆ ಹೋಗಬಹುದು, ಮಧ್ಯಾಹ್ನ ಮಕ್ಕಳನ್ನು ಕೋಣೆಗೆ ತಂದು ಮಲಗಿಸಬಹುದು. ಎಲಿಫೆಂಟಾ ಗುಹೆಗೆ ಸೋಮವಾರ ರಜೆ, ಅದನ್ನು ನೋಡಿಕೊಂಡು ತಾರೀಖು ಹಾಕಿ. ಮೂರು-ನಾಲ್ಕು ದಿನ ಇದ್ದರೆ ದಾದರ್ ಸಾಕು.

ಬಿಕೆಸಿ ಅಂದರೆ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ಆಫೀಸುಗಳ ಊರು. ಅಲ್ಲೇ ಉಳಿಯುವ ಹೋಟೆಲ್‌ಗಳು ಕಂಪನಿ ದುಡ್ಡು ಕೊಡುವವರಿಗೆ. ಉಡುಪಿಯ ಆ ಹುಡುಗಿ ಮೆಟ್ರೋ 3ರ ಯಾವುದೇ ಸ್ಟೇಷನ್‌ಗೆ ನಡೆಯುವ ದೂರದಲ್ಲಿ, ದಾದರ್, ಸಾಂತಾಕ್ರೂಜ್ ಅಥವಾ ಮರೋಳ್ ಕಡೆ, ಕೋಣೆ ಹಿಡಿದರೆ ಇಸ್ತ್ರಿ ಮಾಡಿದ ಬಟ್ಟೆ ಹಾಗೇ ಇರುತ್ತದೆ. ಗೋರೆಗಾಂವ್‌ನ ನೆಸ್ಕೋದಲ್ಲಿ ಪ್ರದರ್ಶನ ಇದ್ದರೆ ಅಂಧೇರಿಯಿಂದ ಬೊರಿವಲಿ ತನಕ ಎಲ್ಲಾದರೂ ಸರಿ. ಪವಾಯಿಯ ಐಐಟಿಗೆ ಬರುವವರು ಸ್ಟೇಷನ್ ನಂಬಿಕೊಳ್ಳದೆ ಪವಾಯಿಯಲ್ಲೇ ಉಳಿಯಲಿ.

ನಮ್ಮ ರೈಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೆ ಬರುತ್ತದೆ. ಶರಾವತಿ, ಚಾಲುಕ್ಯ ದಾದರ್‌ಗೆ. ಕರಾವಳಿಯ ಮತ್ಸ್ಯಗಂಧ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಅಲ್ಲಿಂದ ಲೋಕಲ್ ಹಿಡಿಯಲು ಲಗೇಜ್ ಹೊತ್ತು ಸ್ವಲ್ಪ ದೂರ ಹೋಗಬೇಕು.

## ಮಾಟುಂಗ ಅನ್ನುವ ಅನುಕೂಲ

ಇದನ್ನು ಹೇಳದೆ ಹೋದರೆ ಬೊಂಬಾಯಿ ಕಂಡ ಹಳಬರು ಬೈಯುತ್ತಾರೆ. ಕನ್ನಡ, ತುಳು, ಕೊಂಕಣಿ, ತಮಿಳು, ಮಲಯಾಳ ಎಲ್ಲಾ ಕಿವಿಗೆ ಬೀಳುವ ಏರಿಯಾ ಮಾಟುಂಗ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇಲ್ಲೇ ಇದೆ. 1939ರ ರಾಮ ಆಶ್ರಯ, 1942ರ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇವತ್ತಿಗೂ ನಡೆಯುತ್ತಿವೆ. ಹೊರಗಿನ ಊಟ ಒಗ್ಗದ ಅಜ್ಜಿಯನ್ನು ಕರೆದುಕೊಂಡು ಬಂದವರಿಗೆ ಇದು ಸಣ್ಣ ವಿಷಯ ಅಲ್ಲ.

ಲೈನ್ ಲೆಕ್ಕದಲ್ಲೂ ಮಾಟುಂಗ ಗೆಲ್ಲುತ್ತದೆ. ಸೆಂಟ್ರಲ್‌ಗೆ ಮಾಟುಂಗ, ವೆಸ್ಟರ್ನ್‌ಗೆ ಮಾಟುಂಗ ರೋಡ್, ಹಾರ್ಬರ್‌ಗೆ ಕಿಂಗ್ಸ್ ಸರ್ಕಲ್, ಮೂರು ಸ್ಟೇಷನ್‌ಗಳೂ ಕೈಗೆಟುಕುತ್ತವೆ. ಕೊರತೆ ಎರಡು: ಫಾಸ್ಟ್ ಗಾಡಿ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಮತ್ತು ಕೋಣೆಗಳು ಕಡಿಮೆ.

## ಅಗ್ಗದ ಕೋಣೆ ಎಷ್ಟು ಅಗ್ಗ?

ವಾಶಿ, ಠಾಣೆ, ಮೀರಾ ರೋಡ್ ಕಡೆ ಅದೇ ದುಡ್ಡಿಗೆ ದೊಡ್ಡ ಕೋಣೆ ಸಿಗುತ್ತದೆ. ಆದರೆ ಬಾಡಿಗೆಯ ಪಕ್ಕದಲ್ಲಿ ಇನ್ನೂ ಎರಡು ಅಂಕಿ ಬರೆಯಿರಿ: ದಿನದ ಓಡಾಟದ ಖರ್ಚು, ಓಡಾಟದ ಗಂಟೆ. ಒಬ್ಬರೇ ಬಂದು ಲೋಕಲ್‌ನಲ್ಲಿ ಓಡಾಡುವವರಿಗೆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ದೂರ ಉಳಿದರೂ ಲಾಭವೇ. ನಾಲ್ಕು ಜನರ ಕುಟುಂಬ ಎರಡು ಹೊತ್ತು ಟ್ಯಾಕ್ಸಿ ಹಿಡಿದರೆ ಉಳಿಸಿದ ಬಾಡಿಗೆ ಮೀಟರ್‌ನಲ್ಲಿ ಹರಿದುಹೋಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬರುವವರಿಗೆ ಮಳೆಯೂ ಒಂದು ಲೆಕ್ಕ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದು ಅಪರೂಪ, ಆದರೆ ನೀರು ನಿಲ್ಲುವುದು ಪ್ರತಿ ವರ್ಷದ ಮಾತು. ಪರೇಲ್ ಬಳಿಯ ಹಿಂದ್‌ಮಾತಾ, ಸಯಾನ್, ಕುರ್ಲಾ, ಅಂಧೇರಿ ಸಬ್‌ವೇ, ಮಿಲನ್ ಸಬ್‌ವೇ ಹೆಸರಾದ ತಗ್ಗುಗಳು. ದೊಡ್ಡ ಮಳೆಗೆ ಲೋಕಲ್ ನಿಂತರೆ ನಡೆದು ತಲುಪುವ ದೂರದಲ್ಲಿ ಕೋಣೆ ಇದ್ದವರೇ ಪುಣ್ಯವಂತರು. ಭಾನುವಾರದ 'ಮೆಗಾ ಬ್ಲಾಕ್' ಕೂಡ ತಿಳಿದಿರಲಿ. ಹಳಿ ರಿಪೇರಿಗೆ ಕೆಲವು ಗಂಟೆ ಕೆಲವು ಗಾಡಿ ರದ್ದು ಮಾಡುತ್ತಾರೆ. ಯಾವ ಲೈನ್, ಎಷ್ಟು ಹೊತ್ತು ಅಂತ ಮೊದಲೇ ಪ್ರಕಟಿಸುತ್ತಾರೆ.

## ಬುಕ್ ಮಾಡುವ ಮುಂಚೆ ಒಂದು ಫೋನು

ಆ್ಯಪ್‌ನಲ್ಲಿ "ದಾದರ್ ಹತ್ತಿರ" ಅಂತಿರುವುದು ವಡಾಲಾದಲ್ಲೂ ಇರಬಹುದು. ಲಾಡ್ಜ್‌ಗೇ ಫೋನ್ ಮಾಡಿ. ಯಾವ ಸ್ಟೇಷನ್, ಈಸ್ಟಾ ವೆಸ್ಟಾ, ನಡೆದರೆ ಎಷ್ಟು ನಿಮಿಷ, ಲಿಫ್ಟ್ ಇದೆಯಾ, ಮಳೆಗೆ ರಸ್ತೆಯಲ್ಲಿ ನೀರು ನಿಲ್ಲುತ್ತಾ ಅಂತ ಕೇಳಿ. ಹಿಂದಿ ಸಾಕು, ಮರಾಠಿ ಬಂದರೆ ಇನ್ನೂ ಒಳ್ಳೆಯದು. ಮಾಟುಂಗ, ಫೋರ್ಟ್ ಕಡೆ ಆ ಬದಿಯಿಂದ "ಊರು ಯಾವುದು ನಿಮ್ಮದು?" ಅಂತ ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೂ ಆಶ್ಚರ್ಯವಿಲ್ಲ. ನಡೆಯುವ ದೂರಕ್ಕೆ ಮಾತ್ರ ಎಲ್ಲರ ಉತ್ತರವೂ ಒಂದೇ: "ಪಾಂಚ್ ಮಿನಿಟ್." ಅದನ್ನು ಹತ್ತು ಅಂತ ಬರೆದುಕೊಳ್ಳಿ. ಲಗೇಜ್ ಇದ್ದರೆ ಹದಿನೈದು.